ತಕರಾರಿಲ್ಲದ ವಿಚ್ಛೇದನ: ಕಾನೂನು ಕೇಳುವುದೇನು, ಕೇಳದೆ ಬಿಡುವುದೇನು

ಪರಸ್ಪರ ಒಪ್ಪಿಗೆಯ ವಿಚ್ಛೇದನದ ಬಗ್ಗೆ ನಮ್ಮಲ್ಲಿ ಎರಡು ತಪ್ಪು ತಿಳಿವಳಿಕೆಗಳು ಬೇರೂರಿವೆ. ಇಬ್ಬರೂ ಒಪ್ಪಿ ಛಾಪಾಕಾಗದದ ಮೇಲೆ ಬರೆದು, ಊರಿನ ನಾಲ್ವರು ಹಿರಿಯರ ಸಹಿ ಹಾಕಿಸಿ, ನೋಟರಿಯ ಮುದ್ರೆ ಒತ್ತಿಸಿದರೆ ಮದುವೆ ಮುಗಿಯಿತು ಎನ್ನುವುದು ಒಂದು. ಕೋರ್ಟಿಗೆ ಹೋದರೂ ಇದು ಬರೀ ಕಾಗದಪತ್ರದ ಕೆಲಸ, ವಕೀಲರು ತೋರಿಸಿದ ಕಡೆ ಸಹಿ ಮಾಡಿ ಆರು ತಿಂಗಳು ಕಾದರೆ ಸಾಕು ಎನ್ನುವುದು ಇನ್ನೊಂದು. ಮೊದಲನೆಯ ದಾರಿಯಲ್ಲಿ ಮದುವೆ ಮುಗಿಯುವುದೇ ಇಲ್ಲ. ಎರಡನೆಯದರಲ್ಲಿ ಮದುವೆ ಮುಗಿಯುತ್ತದೆ, ಆದರೆ ಎಷ್ಟೋ ಸಲ ವ್ಯಾಜ್ಯ ಮುಗಿಯುವುದಿಲ್ಲ.

ಛಾಪಾಕಾಗದದ ವಿಷಯ ಮೊದಲು ಹೇಳಿಬಿಡಬೇಕು, ಏಕೆಂದರೆ ಅತಿ ಹೆಚ್ಚು ಹಾನಿ ಮಾಡುವುದು ಅದೇ. 1955ರ ಹಿಂದೂ ವಿವಾಹ ಕಾಯಿದೆಯ ಪ್ರಕಾರ ಆದ ಮದುವೆಯನ್ನು ಮುರಿಯುವ ಅಧಿಕಾರ ನ್ಯಾಯಾಲಯಕ್ಕೆ ಮಾತ್ರ ಇದೆ. ಈ ಕಾಯಿದೆ ಲಿಂಗಾಯತರಿಗೂ ಜೈನ, ಬೌದ್ಧ, ಸಿಖ್ಖರಿಗೂ ಅನ್ವಯಿಸುತ್ತದೆ. ಪಂಚಾಯ್ತಿಯ ಬರಹಕ್ಕಾಗಲಿ ನೋಟರಿ ಪತ್ರಕ್ಕಾಗಲಿ ಆ ಬಲವಿಲ್ಲ. 29ನೇ ಕಲಮಿನಲ್ಲಿ ಒಂದೇ ಒಂದು ವಿನಾಯಿತಿ ಇದೆ: ಜಾತಿ ಸಮುದಾಯದ ರೂಢಿಯಂತೆ ವಿಚ್ಛೇದನ ಪಡೆಯುವ ಹಕ್ಕನ್ನು ಕಾಯಿದೆ ಕಿತ್ತುಕೊಂಡಿಲ್ಲ. ಉತ್ತರ ಕರ್ನಾಟಕದ ಹಲವು ಸಮುದಾಯಗಳಲ್ಲಿ ಸೋಡಚೀಟಿ (ಬಿಡುಗಡೆ ಪತ್ರ) ಬರೆದುಕೊಟ್ಟು ಉಡಕಿ (ಮರುಮದುವೆ) ಮಾಡಿಕೊಳ್ಳುವ ಪದ್ಧತಿ ಇತ್ತಲ್ಲ, ಆ ಬಗೆಯದು. ಆದರೆ ರೂಢಿ ಇದೆ ಎಂದು ಹೇಳಿದರೆ ಸಾಲದು. ಅದು ಹಳೆಯದು, ತಡೆಯಿಲ್ಲದೆ ನಡೆದುಬಂದದ್ದು, ನಿಶ್ಚಿತವಾದದ್ದು ಎಂದು ಸಾಕ್ಷಿ ಹಾಕಿ ಸಿದ್ಧಪಡಿಸಬೇಕು, ಆ ಹೊರೆ ರೂಢಿಯನ್ನು ಹೇಳಿಕೊಂಡವರ ಮೇಲೆಯೇ ಬೀಳುತ್ತದೆ. ಸಾಬೀತಾಗದಿದ್ದರೆ ಎರಡನೆಯ ಮದುವೆ ಅಸಿಂಧು, ಮೇಲಾಗಿ ದ್ವಿಪತ್ನಿತ್ವದ ಅಪರಾಧ. ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೆ ಅರ್ಜಿ ಹಾಕುವ ದಿನ ಆ ಛಾಪಾಕಾಗದದ ಬೆಲೆ ಏನೆಂದು ಎರಡನೆಯ ಹೆಂಡತಿಗೆ ಗೊತ್ತಾಗುತ್ತದೆ. ಮಕ್ಕಳನ್ನು 16ನೇ ಕಲಂ ಕಾಪಾಡುತ್ತದೆ, ಆಕೆಯನ್ನಲ್ಲ.

ಅನುಸೂಚಿತ ಬುಡಕಟ್ಟುಗಳ ಸ್ಥಿತಿ ಬೇರೆ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಈ ಕಾಯಿದೆ ಅವರಿಗೆ ಅನ್ವಯಿಸುವುದಿಲ್ಲ ಎಂದು 2ನೇ ಕಲಮಿನಲ್ಲೇ ಬರೆದಿದೆ. ನಮ್ಮ ರಾಜ್ಯದ ನಾಯಕ, ಸೋಲಿಗ, ಜೇನುಕುರುಬ ದಂಪತಿಗಳು ಅರ್ಜಿ ಹಾಕುವ ಮುಂಚೆ ತಮ್ಮ ವಕೀಲರೊಂದಿಗೆ ಈ ಪ್ರಶ್ನೆಯನ್ನು ಬಗೆಹರಿಸಿಕೊಳ್ಳಬೇಕು.

ಇಬ್ಬರೂ ಒಪ್ಪಿದ್ದೇವೆ ಎನ್ನುವುದೇ ವಿಚ್ಛೇದನಕ್ಕೆ ಕಾರಣವಾಗಬಹುದು ಎಂಬ ವಿಚಾರ ಹಿಂದೂ ಕಾನೂನಿಗೆ ಬಂದದ್ದು ತಡವಾಗಿ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡಗಳು ಮುಂಬಯಿ ಪ್ರಾಂತ್ಯದಲ್ಲಿದ್ದಾಗ ಅಲ್ಲಿ 1947ರ ಹಿಂದೂ ವಿಚ್ಛೇದನ ಕಾಯಿದೆ ನಡೆಯುತ್ತಿತ್ತು, ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ, ಬಳ್ಳಾರಿಗಳಲ್ಲಿ 1949ರದು. ಎರಡರಲ್ಲೂ ಎದುರು ಕಕ್ಷಿಯ ತಪ್ಪು ತೋರಿಸಬೇಕಿತ್ತು. 1954ರ ವಿಶೇಷ ವಿವಾಹ ಕಾಯಿದೆಯ 28ನೇ ಕಲಂ ಪರಸ್ಪರ ಒಪ್ಪಿಗೆಯ ಬಾಗಿಲು ತೆರೆಯಿತು, ಆದರೆ ಅದು ಆ ಕಾಯಿದೆಯಡಿ ಮದುವೆಯಾದವರಿಗೆ ಮಾತ್ರ. ಹಿಂದೂ ವಿವಾಹ ಕಾಯಿದೆಗೆ 13ಬಿ ಕಲಂ ಸೇರಿದ್ದು 1976ರ ತಿದ್ದುಪಡಿಯಲ್ಲಿ. ನಡುವಿನ ಎರಡು ದಶಕ, ಜಗಳವೇ ಇಲ್ಲದೆ ದೂರವಾಗಿದ್ದ ದಂಪತಿ ಕೂಡ ಒಬ್ಬರ ಮೇಲೊಬ್ಬರು ಶೀಲದ್ದೋ ಬೇರೆ ತಪ್ಪಿನದೋ ಆರೋಪ ಹೊರಿಸದೆ ಬಿಡುಗಡೆ ಪಡೆಯುವುದು ಸುಲಭವಿರಲಿಲ್ಲ. 13ಬಿ ಕಲಮಿನ ದೊಡ್ಡ ಉಪಕಾರ ಇದು: ಬೇರೆಯಾಗಲು ಇನ್ನೊಬ್ಬರ ಮಾನ ಕಳೆಯಬೇಕಾಗಿಲ್ಲ.

ಆ ಕಲಂ ಕೇಳುವುದು ಮೂರು ಸಂಗತಿ. ಅರ್ಜಿಯ ಹಿಂದಿನ ಕನಿಷ್ಠ ಒಂದು ವರ್ಷ ಇಬ್ಬರೂ ಬೇರೆಯಾಗಿ ಬದುಕಿರಬೇಕು. ಒಟ್ಟಿಗೆ ಬಾಳಲು ಆಗಿಲ್ಲ ಎನ್ನಬೇಕು. ಮದುವೆಯನ್ನು ಮುಗಿಸಲು ಇಬ್ಬರೂ ಸೇರಿ ಒಪ್ಪಿರಬೇಕು. ಯಾರ ತಪ್ಪು, ಯಾಕೆ ಹೀಗಾಯಿತು ಎಂಬ ಪ್ರಶ್ನೆ ಇಲ್ಲಿ ಬರುವುದಿಲ್ಲ.

ಬೇರೆಯಾಗಿ ಬದುಕುವುದು ಎಂದರೇನು ಎಂಬುದಕ್ಕೆ ಸರಿಯಾದ ಉತ್ತರ ಸಿಕ್ಕಿದ್ದು 1991ರ ಫೆಬ್ರವರಿಯಲ್ಲಿ, ಸುಪ್ರೀಂ ಕೋರ್ಟಿನ ತೀರ್ಪೊಂದರಲ್ಲಿ. ಅದನ್ನು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ, ಮುಂದೆ ನ್ಯಾಯಾಂಗ ವೇತನ ಆಯೋಗದಿಂದ ದೇಶಕ್ಕೆಲ್ಲ ಪರಿಚಿತರಾದವರು. ಮನೆ ಎರಡಾಗಿರಬೇಕೆಂದಿಲ್ಲ ಎಂದು ಆ ತೀರ್ಪು ಹೇಳಿತು. ಒಂದೇ ಸೂರಿನ ಕೆಳಗಿದ್ದೂ ಗಂಡಹೆಂಡಿರಾಗಿ ಬಾಳದೆ ಇರಬಹುದು, ಎರಡು ಊರಿನಲ್ಲಿದ್ದೂ ದಾಂಪತ್ಯ ನಡೆಸುತ್ತಿರಬಹುದು. ನೋಡಬೇಕಾದ್ದು ವಿಳಾಸವನ್ನಲ್ಲ, ಸಂಸಾರ ಮಾಡುವ ಮನಸ್ಸು ಉಳಿದಿದೆಯೇ ಎಂಬುದನ್ನು. ಮನೆ ಬಾಡಿಗೆಯ ಭಾರಕ್ಕೋ ಮಗುವಿನ ಶಾಲೆಯ ಸಲುವಾಗಿಯೋ ಒಂದೇ ಫ್ಲ್ಯಾಟಿನಲ್ಲಿ ಬೇರೆ ಕೋಣೆಗಳಲ್ಲಿ ದಿನ ನೂಕುವ ಎಷ್ಟೋ ಬೆಂಗಳೂರಿನ ದಂಪತಿಗಳಿಗೆ ಈ ವ್ಯಾಖ್ಯಾನವೇ ಆಸರೆ.

ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತು, ನನ್ನ ಮಟ್ಟಿಗೆ ಈ ಇಡೀ ವಿಷಯದ ಜೀವಾಳ ಅದು. ಅರ್ಜಿಗೆ ಸಹಿ ಹಾಕಿದ ದಿನದ ಒಪ್ಪಿಗೆ ಸಾಲದು, ಡಿಕ್ರಿಯ ದಿನದವರೆಗೂ ಅದು ಜೀವಂತವಾಗಿರಬೇಕು. ನಡುವೆ ಒಬ್ಬರು ಮನಸ್ಸು ಬದಲಾಯಿಸಿದರೆ ಇನ್ನೊಬ್ಬರು ಎಷ್ಟು ಬೇಡಿದರೂ ಕೆಳಗಿನ ಕೋರ್ಟು 13ಬಿ ಅಡಿ ವಿಚ್ಛೇದನ ಕೊಡುವಂತಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿ ಮಾಡಿತು: ಒಬ್ಬರು ಹಾಜರಾಗಲಿಲ್ಲ ಎಂಬ ಮಾತ್ರಕ್ಕೆ ಅವರ ಒಪ್ಪಿಗೆ ಇದೆ ಎಂದು ಊಹಿಸಿಕೊಳ್ಳುವಂತಿಲ್ಲ. ಒಪ್ಪಿಗೆ ಒತ್ತಾಯದಿಂದಲೋ ಮೋಸದಿಂದಲೋ ಪ್ರಭಾವದಿಂದಲೋ ಬಂದದ್ದಲ್ಲ ಎಂದು ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು ಎಂದು 23ನೇ ಕಲಂ ಬೇರೆಯಾಗಿಯೇ ಹೇಳುತ್ತದೆ.

ಅರ್ಜಿ ಎಲ್ಲಿ ಹಾಕಬೇಕು? ಮದುವೆ ನಡೆದ ಊರು, ದಂಪತಿ ಕೊನೆಯದಾಗಿ ಒಟ್ಟಿಗಿದ್ದ ಊರು, ಎದುರುದಾರರು ವಾಸಿಸುವ ಊರು, ಇವುಗಳಲ್ಲಿ ಯಾವುದಾದರೂ ಆಗಬಹುದು. 2003ರ ತಿದ್ದುಪಡಿಯ ನಂತರ ಅರ್ಜಿದಾರಳಾದ ಹೆಂಡತಿ ಸದ್ಯ ವಾಸವಿರುವ ಊರಿನಲ್ಲೂ ಹಾಕಬಹುದು, ತವರಿಗೆ ಮರಳಿದ ಹೆಣ್ಣುಮಕ್ಕಳಿಗೆ ಇದರಿಂದ ದೊಡ್ಡ ಅನುಕೂಲವಾಗಿದೆ. 1984ರ ಕೌಟುಂಬಿಕ ನ್ಯಾಯಾಲಯ ಕಾಯಿದೆಯಡಿ ಸ್ಥಾಪನೆಯಾದ ಕೋರ್ಟು ಇರುವಲ್ಲಿ ಅಲ್ಲಿಗೇ ಹೋಗಬೇಕು, ಇಲ್ಲದ ಕಡೆ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟು. ಅರ್ಜಿಯ ಮೇಲೆ ಎಂ.ಸಿ. (ಮ್ಯಾಟ್ರಿಮೋನಿಯಲ್ ಕೇಸ್) ಎಂಬ ಸಂಖ್ಯೆ ಬೀಳುತ್ತದೆ. ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ, ನ್ಯಾಯಾಲಯದ ಅನುಮತಿ ಬೇಕು ಎಂದು ಆ ಕಾಯಿದೆ ಹೇಳುತ್ತದೆ. ರೂಢಿಯಲ್ಲಿ ಅನುಮತಿ ಸುಲಭವಾಗಿ ಸಿಗುತ್ತದೆ, ಎಲ್ಲರೂ ವಕಾಲತ್ತು ಹಾಕಿಸುತ್ತಾರೆ. ಫೀಸಿಗೆ ಶಕ್ತಿಯಿಲ್ಲದ ಹೆಣ್ಣುಮಕ್ಕಳು ಒಂದು ಮಾತು ನೆನಪಿಡಬೇಕು: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಸಿಗಬೇಕು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಅದರ ಸಮಿತಿ ಇರುತ್ತದೆ, 15100 ಸಹಾಯವಾಣಿ.

ದಾಖಲೆಗಳು ಹೆಚ್ಚೇನಿಲ್ಲ. ಲಗ್ನಪತ್ರಿಕೆ, ಮದುವೆಯ ಫೋಟೊ, ನೋಂದಣಿ ಆಗಿದ್ದರೆ ಅದರ ಪ್ರಮಾಣಪತ್ರ, ಇಬ್ಬರ ಗುರುತು ಮತ್ತು ವಿಳಾಸದ ದಾಖಲೆ, ಮಕ್ಕಳ ಜನನ ಪ್ರಮಾಣಪತ್ರ, ಇಬ್ಬರ ಅಫಿಡವಿಟ್, ಒಪ್ಪಂದದ ಷರತ್ತುಗಳು. ಮದುವೆ ನೋಂದಣಿ ಆಗಿಲ್ಲ ಎಂದು ಎಷ್ಟೋ ಜನ ಹೆದರುತ್ತಾರೆ. ಹೆದರಬೇಕಿಲ್ಲ, ನೋಂದಣಿ ಆಗದಿದ್ದರೂ ಮದುವೆಯ ಸಿಂಧುತ್ವಕ್ಕೆ ಕುಂದಿಲ್ಲ ಎಂದು ಕಾಯಿದೆಯ 8ನೇ ಕಲಮೇ ಹೇಳುತ್ತದೆ.

ಇನ್ನು ಆರು ತಿಂಗಳ ಮಾತು. ಅರ್ಜಿ ಹಾಕಿದ ದಿನದಿಂದ ಆರು ತಿಂಗಳು ಕಳೆದ ಮೇಲೆ, ಹದಿನೆಂಟು ತಿಂಗಳೊಳಗೆ, ಇಬ್ಬರೂ ಮತ್ತೆ ಕೋರ್ಟಿನ ಮುಂದೆ ಬಂದು ನಮ್ಮ ಮನಸ್ಸು ಬದಲಾಗಿಲ್ಲ ಎನ್ನಬೇಕು. ಯೋಚಿಸಲು ಕೊಟ್ಟ ಅವಕಾಶ ಅದು. ಆದರೆ ಹತ್ತು ವರ್ಷ ದೂರವಿದ್ದು, ಎಲ್ಲ ಮಾತು ಮುಗಿದವರಿಗೆ ಇದು ಬರೀ ಕಾಯುವ ಶಿಕ್ಷೆ. 2017ರ ಸೆಪ್ಟೆಂಬರ್ 12ರಂದು ನ್ಯಾಯಮೂರ್ತಿಗಳಾದ ಆದರ್ಶ್ ಕುಮಾರ್ ಗೋಯಲ್ ಮತ್ತು ಯು.ಯು. ಲಲಿತ್ ಅವರ ಸುಪ್ರೀಂ ಕೋರ್ಟ್ ಪೀಠ ಈ ಅವಧಿ ಕಡ್ಡಾಯವಲ್ಲ, ಕೌಟುಂಬಿಕ ನ್ಯಾಯಾಲಯವೇ ಅದನ್ನು ಮನ್ನಾ ಮಾಡಬಹುದು ಎಂದಿತು. ಅದಕ್ಕೆ ಷರತ್ತುಗಳಿವೆ: ಮೊದಲ ಅರ್ಜಿಗೆ ಮುಂಚೆಯೇ ಒಂದು ವರ್ಷದ ಜತೆಗೆ ಇನ್ನೂ ಆರು ತಿಂಗಳು, ಅಂದರೆ ಒಟ್ಟು ಒಂದೂವರೆ ವರ್ಷ ದೂರವಿದ್ದಿರಬೇಕು. ಸೇರಿಸುವ ಪ್ರಯತ್ನಗಳು ಸೋತಿರಬೇಕು. ಜೀವನಾಂಶ, ಮಕ್ಕಳ ಪಾಲನೆ ಮೊದಲಾದವು ನಿಜವಾಗಿ ಇತ್ಯರ್ಥವಾಗಿರಬೇಕು. ಕಾಯುವುದರಿಂದ ನೋವು ಹೆಚ್ಚುವುದು ಬಿಟ್ಟರೆ ಬೇರೇನೂ ಆಗದು ಎಂದು ಕಾಣಬೇಕು. ಮೊದಲ ಅರ್ಜಿ ಹಾಕಿ ಒಂದು ವಾರವಾದ ಮೇಲೆ ಮನ್ನಾ ಕೋರಿ ಅರ್ಜಿ ಸಲ್ಲಿಸಬಹುದು. ದೂರದ ಊರಿನಲ್ಲಿರುವವರು ವಿಡಿಯೊ ಕಾನ್ಫರೆನ್ಸಿನಲ್ಲಿ ಹಾಜರಾಗಬಹುದು, ತಂದೆತಾಯಿ ಒಡಹುಟ್ಟಿದವರ ಮೂಲಕವೂ ನಡೆಸಬಹುದು ಎಂದೂ ಆ ತೀರ್ಪಿನಲ್ಲಿದೆ. 2021ರ ಇನ್ನೊಂದು ತೀರ್ಪು ಈ ಷರತ್ತುಗಳನ್ನು ಅಳತೆಗೋಲಿನಂತೆ ಹಿಡಿಯದೆ ಇಡೀ ಪರಿಸ್ಥಿತಿ ನೋಡಿ ಎಂದಿತು. 2023ರ ಮೇ 1ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಇನ್ನೂ ಮುಂದೆ ಹೋಗಿ, ಸರಿಪಡಿಸಲಾಗದಷ್ಟು ಮುರಿದುಬಿದ್ದ ಮದುವೆಯನ್ನು ಒಬ್ಬರು ವಿರೋಧಿಸಿದರೂ ಸಂವಿಧಾನದ 142ನೇ ವಿಧಿಯಡಿ ತಾನು ರದ್ದು ಮಾಡಬಹುದು ಎಂದು ಸಾರಿತು. ಆದರೆ ಆ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ. ದಾವಣಗೆರೆಯ ದಂಪತಿ ದೆಹಲಿಗೆ ಹೋಗಿ ಅದನ್ನು ಕೇಳಬೇಕೆಂದರೆ ಎಷ್ಟು ಮಂದಿಗೆ ಸಾಧ್ಯ? ಮದುವೆ ಮುರಿದುಬಿದ್ದಿರುವುದನ್ನೇ ವಿಚ್ಛೇದನಕ್ಕೆ ಕಾರಣವಾಗಿ ಸೇರಿಸಿ ಎಂದು ಕಾನೂನು ಆಯೋಗ 1978ರಲ್ಲೂ 2009ರಲ್ಲೂ ಶಿಫಾರಸು ಮಾಡಿತ್ತು. ಅದಕ್ಕಾಗಿ ತಂದ ಮಸೂದೆ 2013ರಲ್ಲಿ ರಾಜ್ಯಸಭೆ ದಾಟಿತು, ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು.

ನಮ್ಮಲ್ಲಿ ಒಪ್ಪಿಗೆಯ ಎಷ್ಟೋ ವಿಚ್ಛೇದನಗಳು ಜಂಟಿ ಅರ್ಜಿಯಾಗಿ ಹುಟ್ಟುವುದೇ ಇಲ್ಲ. ಕ್ರೌರ್ಯದ ಆರೋಪ ಹೊತ್ತ ಕಟ್ಲೆಯಾಗಿ ಶುರುವಾಗಿ, ವಾಯಿದೆಗಳ ಮೇಲೆ ವಾಯಿದೆ ಬಿದ್ದು, ಎಲ್ಲರೂ ಸುಸ್ತಾದ ಮೇಲೆ ರಾಜಿಯ ದಾರಿ ಹಿಡಿಯುತ್ತವೆ. ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ 2007ರಲ್ಲಿ ಆರಂಭವಾದ ಮಧ್ಯಸ್ಥಿಕೆ ಕೇಂದ್ರ ಈ ಕೆಲಸದಲ್ಲಿ ನುರಿತಿದೆ. ಅಲ್ಲಿ ಮಾತುಕತೆ ಫಲಿಸಿದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ ಮತ್ತು 2005ರ ಕರ್ನಾಟಕ ಮಧ್ಯಸ್ಥಿಕೆ ನಿಯಮಗಳ ಅಡಿ ಒಪ್ಪಂದ ಪತ್ರ ಬರೆದು, ಹಳೆಯ ಅರ್ಜಿಯನ್ನು 13ಬಿ ಅರ್ಜಿಯಾಗಿ ಪರಿವರ್ತಿಸಿಕೊಳ್ಳುತ್ತಾರೆ. ಮಧ್ಯಸ್ಥಿಕೆಯಲ್ಲಿ ಆಡಿದ ಮಾತು ಗೋಪ್ಯ, ಅದನ್ನು ಮುಂದೆ ಸಾಕ್ಷ್ಯವಾಗಿ ಬಳಸುವಂತಿಲ್ಲ. ಗಂಡ ಹೆಂಡತಿ ವಕೀಲರ ಭಾಷೆ ಬಿಟ್ಟು ತಮ್ಮ ಭಾಷೆಯಲ್ಲಿ ಮಾತಾಡಲು ಸಿಗುವ ಜಾಗ ಅದು ಒಂದೇ.

ಕಾನೂನು ಕೇಳುವುದು ಇಷ್ಟು. ದಿನಾಂಕಗಳ ಬಗ್ಗೆ, ದೂರವಿದ್ದ ತಿಂಗಳುಗಳ ಬಗ್ಗೆ ಅದು ಕೂದಲು ಸೀಳುತ್ತದೆ. ಒಪ್ಪಂದದಲ್ಲಿ ಬರೆದ ಷರತ್ತು ನ್ಯಾಯವಾಗಿದೆಯೇ ಎಂದು ಮಾತ್ರ ಅಷ್ಟು ಶ್ರದ್ಧೆಯಿಂದ ಕೇಳುವುದಿಲ್ಲ. 'ನಿಮಗೆ ಜೀವನಾಂಶ ಬೇಡವೇ?' ಎಂಬ ಪ್ರಶ್ನೆಗೆ 'ಬೇಡ' ಎಂದು ಆಕೆ ಹೇಳಿದರೆ ಅಲ್ಲಿಗೆ ಮುಗಿಯಿತು. ಆ 'ಬೇಡ' ಸ್ವಾಭಿಮಾನದಿಂದ ಬಂದದ್ದೋ, ಹೇಗಾದರೂ ಬಿಡುಗಡೆಯಾದರೆ ಸಾಕು ಎಂಬ ದಣಿವಿನಿಂದ ಬಂದದ್ದೋ, ಗಂಡನ ಆದಾಯ ಎಷ್ಟೆಂದೇ ತಿಳಿಯದೆ ಬಂದದ್ದೋ ಯಾರೂ ಕೆದಕುವುದಿಲ್ಲ. 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಅಫಿಡವಿಟ್ ಸಲ್ಲಿಸಬೇಕೆಂದು ಕಡ್ಡಾಯ ಮಾಡಿತು. ಒಪ್ಪಿಗೆಯ ಪ್ರಕರಣದಲ್ಲೂ ಸಹಿ ಮಾಡುವ ಮೊದಲು ಇಬ್ಬರೂ ಅಂಥ ಪಟ್ಟಿಯನ್ನು ಕೈಬದಲಾಯಿಸಿಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಏನನ್ನು ಬಿಟ್ಟುಕೊಡುತ್ತಿದ್ದೇನೆಂದು ಗೊತ್ತಿಲ್ಲದವರ ಒಪ್ಪಿಗೆಯನ್ನು ಒಪ್ಪಿಗೆ ಎನ್ನುವುದು ಹೇಗೆ?

ಹಾಗಾಗಿ ಒಪ್ಪಂದದ ಪತ್ರದಲ್ಲಿ ಏನಿರಬೇಕು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಇಡಿಗಂಟಿನ ಜೀವನಾಂಶವೋ ತಿಂಗಳಿಗಿಷ್ಟೋ ಎಂಬುದು ಮೊದಲನೆಯದು. ತಿಂಗಳ ಹಣ ನಿಂತುಹೋದರೆ ವಸೂಲಿಗೆ ಮತ್ತೆ ಕೋರ್ಟು ಹತ್ತಬೇಕು. ಇಡಿಗಂಟನ್ನು ಕೊನೆಯ ದಿನ ನ್ಯಾಯಾಧೀಶರ ಎದುರೇ ಡಿ.ಡಿ. ರೂಪದಲ್ಲಿ ಪಡೆಯುವುದು ವಾಡಿಕೆ, ಅದು ಒಳ್ಳೆಯ ವಾಡಿಕೆ. ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನ ಪಡೆದವಳಿಗೆ ಮುಂದೆ ಜೀವನಾಂಶ ಕೇಳುವ ಹಕ್ಕೇ ಇಲ್ಲ ಎಂಬ ನಂಬಿಕೆಯನ್ನು ಸುಪ್ರೀಂ ಕೋರ್ಟ್ 1995ರಲ್ಲೇ ತಳ್ಳಿಹಾಕಿದೆ. ಆದರೂ ಷರತ್ತು ಸ್ಪಷ್ಟವಾಗಿ ಬರೆಯದಿದ್ದರೆ ಅದೇ ಮುಂದಿನ ವ್ಯಾಜ್ಯದ ಬೀಜ. ತವರಿನವರು ಹಾಕಿದ ಒಡವೆ, ಪಾತ್ರೆಪಗಡಗಳು ಸ್ತ್ರೀಧನ, ಅವು ಆಕೆಯವೇ. ಒಂದೊಂದನ್ನೂ ತೂಕ ಸಹಿತ ಪಟ್ಟಿ ಮಾಡಿ ಹಿಂದಿರುಗಿಸಿದ ದಿನಾಂಕ ಬರೆಯಬೇಕು.

ಮನೆಸಾಲದ ವಿಷಯದಲ್ಲಿ ಓದಿದವರೂ ಎಡವುತ್ತಾರೆ. ಇಬ್ಬರ ಹೆಸರಿನಲ್ಲಿ ಫ್ಲ್ಯಾಟು, ಇಬ್ಬರ ಹೆಸರಿನಲ್ಲಿ ಸಾಲ. 'ಫ್ಲ್ಯಾಟು ಗಂಡನಿಗೆ, ಸಾಲವನ್ನೂ ಅವನೇ ಕಟ್ಟತಕ್ಕದ್ದು' ಎಂದು ಒಪ್ಪಂದದಲ್ಲಿ ಬರೆದರೆ ಆಯಿತೇ? ಬ್ಯಾಂಕು ಆ ಒಪ್ಪಂದದಲ್ಲಿ ಕಕ್ಷಿಯಲ್ಲ. ಕಂತು ತಪ್ಪಿದರೆ ನೋಟಿಸು ಇಬ್ಬರಿಗೂ ಬರುತ್ತದೆ. ಬ್ಯಾಂಕಿನಿಂದ ಒಪ್ಪಿಗೆ ಪಡೆದು ಸಾಲದಿಂದ ಒಬ್ಬರ ಹೆಸರು ತೆಗೆಸಬೇಕು, ಉಪನೋಂದಣಿ ಕಚೇರಿಯಲ್ಲಿ ಹಕ್ಕುಬಿಡುಗಡೆ ಪತ್ರ ನೋಂದಾಯಿಸಬೇಕು. ಡಿಕ್ರಿಗೆ ಮುಂಚೆಯೇ ಇದನ್ನು ಮುಗಿಸುವುದು ಕ್ಷೇಮ.

ಮಕ್ಕಳ ಬಗ್ಗೆ 'ಪಾಲನೆ ತಾಯಿಗೆ, ತಂದೆ ಬಂದು ನೋಡಬಹುದು' ಎಂಬ ಒಂದು ಸಾಲು ಬರೆದು ಮುಗಿಸುವವರು ಮುಂದಿನ ಹತ್ತು ವರ್ಷ ಆ ಸಾಲಿನ ಅರ್ಥಕ್ಕಾಗಿ ಕಿತ್ತಾಡುತ್ತಾರೆ. ಯಾವ ವಾರ, ಎಷ್ಟು ಹೊತ್ತು, ಬೇಸಿಗೆ ಮತ್ತು ದಸರಾ ರಜೆ ಯಾರ ಬಳಿ, ಹಬ್ಬ ಎಲ್ಲಿ, ಶಾಲೆಯ ಶುಲ್ಕ ಯಾರದು, ಪಾಸ್‌ಪೋರ್ಟ್ ಅರ್ಜಿಗೆ ಇಬ್ಬರ ಸಹಿ ಹೇಗೆ, ಒಬ್ಬರು ಮಗುವಿನೊಂದಿಗೆ ಬೇರೆ ಊರಿಗೆ ಹೋಗುವುದಾದರೆ ಏನು ಎಂದೆಲ್ಲ ಬಿಡಿಸಿ ಬರೆಯಬೇಕು. 2013ರಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠವೊಂದು ವರ್ಷವನ್ನು ಎರಡಾಗಿ ಮಾಡಿ, ಅರ್ಧ ವರ್ಷ ತಂದೆಯ ಬಳಿ ಅರ್ಧ ವರ್ಷ ತಾಯಿಯ ಬಳಿ ಮಗು ಇರಬೇಕೆಂದು ಆದೇಶಿಸಿತ್ತು. ಜಂಟಿ ಪಾಲನೆಯ ಕುರಿತ ಕಾನೂನು ಆಯೋಗದ 2015ರ ವರದಿಯಲ್ಲೂ ಅದರ ಉಲ್ಲೇಖವಿದೆ. ಎಲ್ಲ ಮಕ್ಕಳಿಗೂ ಅದು ಹೊಂದಲಾರದು, ಆದರೆ ಪಾಲನೆ ಎಂದರೆ ಒಬ್ಬರ ಗೆಲುವು ಇನ್ನೊಬ್ಬರ ಸೋಲು ಎಂಬ ಲೆಕ್ಕವನ್ನು ಅದು ಒಡೆಯಿತು. ಇನ್ನೊಂದು: ತಾಯಿ ತನ್ನ ಜೀವನಾಂಶ ಬಿಟ್ಟುಕೊಡಬಹುದು, ಮಗುವಿನದನ್ನು ಬಿಟ್ಟುಕೊಡಲು ಅವಳಿಗೆ ಅಧಿಕಾರವಿಲ್ಲ. ತಂದೆತಾಯಿಯ ಒಪ್ಪಂದ ಮಗುವಿನ ಹಕ್ಕನ್ನು ಕಟ್ಟಿಹಾಕುವುದಿಲ್ಲ.

ಬಾಕಿ ಇರುವ ಕ್ರಿಮಿನಲ್ ಪ್ರಕರಣಗಳು ಕೊನೆಯ ಗಂಟು. ಹಳೆಯ ಭಾರತೀಯ ದಂಡ ಸಂಹಿತೆಯ 498ಎ, ಈಗಿನ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನ ಕ್ರೌರ್ಯದ ದೂರು ಹೆಂಡತಿ 'ವಾಪಸ್ ಪಡೆದೆ' ಎಂದರೆ ಮುಗಿಯುವುದಿಲ್ಲ, ಅದು ರಾಜಿಯಾಗಬಲ್ಲ ಅಪರಾಧವಲ್ಲ. ಹೈಕೋರ್ಟಿಗೆ ಹೋಗಿ ರದ್ದುಪಡಿಸಿಕೊಳ್ಳಬೇಕು. ರಾಜಿಯಾದಾಗ ಹಾಗೆ ರದ್ದು ಮಾಡಬಹುದೆಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ಹಣ ಮೊದಲೋ, ರದ್ದತಿ ಮೊದಲೋ, ಡಿಕ್ರಿ ಮೊದಲೋ ಎಂಬ ಸರದಿಯನ್ನು ಒಪ್ಪಂದದಲ್ಲೇ ಬರೆಯದಿದ್ದರೆ ಒಬ್ಬರ ಮೇಲೊಬ್ಬರಿಗೆ ಉಳಿದಿರುವ ಅಷ್ಟಿಷ್ಟು ನಂಬಿಕೆಯೂ ಅಲ್ಲಿ ಸುಟ್ಟುಹೋಗುತ್ತದೆ.

ಬೇರೆ ಧರ್ಮದವರಿಗೆ ದಾರಿಗಳು ಬೇರೆ. ಪಾರ್ಸಿಗಳಿಗೆ 1988ರಲ್ಲಿ, ಕ್ರೈಸ್ತರಿಗೆ 2001ರಲ್ಲಿ ಪರಸ್ಪರ ಒಪ್ಪಿಗೆಯ ಅವಕಾಶ ಬಂತು. 1869ರ ವಿಚ್ಛೇದನ ಕಾಯಿದೆಯ 10ಎ ಕಲಂ ಕ್ರೈಸ್ತರು ಎರಡು ವರ್ಷ ಬೇರೆಯಿರಬೇಕು ಎಂದಿತ್ತು. ಉಳಿದವರಿಗೆ ಒಂದು ವರ್ಷ, ಅವರಿಗೇಕೆ ಎರಡು? ಕೇರಳ ಹೈಕೋರ್ಟ್ 2010ರಲ್ಲಿ, ನಂತರ ನಮ್ಮ ಹೈಕೋರ್ಟೂ ಅದನ್ನು ಒಂದು ವರ್ಷವೆಂದೇ ಓದಿಕೊಳ್ಳಬೇಕು ಎಂದವು. ಮುಸ್ಲಿಮರಲ್ಲಿ ಮುಬಾರತ್ ಎಂದರೆ ಗಂಡಹೆಂಡಿರಿಬ್ಬರೂ ಒಪ್ಪಿ ಬೇರೆಯಾಗುವುದು, ಖುಲಾ ಎಂದರೆ ಹೆಂಡತಿಯೇ ಕೇಳಿ ಪಡೆಯುವ ಬಿಡುಗಡೆ. ಇಬ್ಬರೂ ಒಪ್ಪಿದ ಮುಬಾರತ್‌ಗೆ ಕೋರ್ಟಿನ ಡಿಕ್ರಿ ಬೇಕೆಂದಿಲ್ಲ, ಆದರೆ ಮುಂದಿನ ಮದುವೆ, ವೀಸಾ, ಆಸ್ತಿಗಳ ಸಲುವಾಗಿ ಕೌಟುಂಬಿಕ ನ್ಯಾಯಾಲಯದಿಂದ ಘೋಷಣೆ ಪಡೆದಿಟ್ಟುಕೊಳ್ಳುವುದು ಜಾಣತನ.

ಎದುರು ಕಕ್ಷಿ ಕೋರ್ಟಿಗೆ ಬಾರದೆಯೇ ಆಗುವ ಏಕಪಕ್ಷೀಯ ವಿಚ್ಛೇದನವನ್ನೂ ಕೆಲವರು ತಕರಾರಿಲ್ಲದ್ದು ಎಂದೇ ಭಾವಿಸುತ್ತಾರೆ. ಅದು ಬೇರೆ ಜಾತಿಯದು. ಅಲ್ಲಿ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಕ್ಷ್ಯದಿಂದ ಸಿದ್ಧಪಡಿಸಲೇಬೇಕು. ಸಮನ್ಸು ತಲುಪಿರಲಿಲ್ಲ ಎಂದು ತೋರಿಸಿ ಎದುರಿನವರು ಡಿಕ್ರಿಯನ್ನು ರದ್ದು ಮಾಡಿಸಲೂಬಹುದು. ಗಂಡನ ವಿಳಾಸ ಗೊತ್ತಿದ್ದೂ ಹಳೆಯ ವಿಳಾಸಕ್ಕೆ ಸಮನ್ಸು ಕಳಿಸಿ, ಪತ್ರಿಕಾ ಪ್ರಕಟಣೆ ಕೊಟ್ಟು ಗೆದ್ದ ಡಿಕ್ರಿಯ ಮೇಲೆ ಯಾರೂ ಹೊಸ ಸಂಸಾರ ಕಟ್ಟಬಾರದು.

ಅಮೆರಿಕದಲ್ಲೋ ಕೆನಡಾದಲ್ಲೋ ಇರುವ ಕನ್ನಡಿಗರು ಅಲ್ಲಿಯ ಕೋರ್ಟಿನಲ್ಲಿ ಸುಲಭವಾಗಿ ವಿಚ್ಛೇದನ ಪಡೆದುಬಿಡುತ್ತಾರೆ. ಅದು ಇಲ್ಲಿ ನಡೆಯುತ್ತದೆಯೇ? ಹಿಂದೂ ವಿವಾಹ ಕಾಯಿದೆಯಡಿ ಇಲ್ಲಿ ಮದುವೆಯಾದವರ ವಿಚ್ಛೇದನವನ್ನು ಆ ಕಾಯಿದೆ ಒಪ್ಪುವ ಕಾರಣಕ್ಕೆ, ಆ ಕಾಯಿದೆ ಹೇಳುವ ಕೋರ್ಟೇ ಕೊಡಬೇಕು ಎಂಬುದು 1991ರದೇ ಇನ್ನೊಂದು ಸುಪ್ರೀಂ ಕೋರ್ಟ್ ತೀರ್ಪಿನ ಸಾರ. ಆದರೆ ಎದುರು ಕಕ್ಷಿ ತಾನಾಗಿ ಹಾಜರಾಗಿ ಆ ಕೋರ್ಟಿನ ಅಧಿಕಾರಕ್ಕೆ ಒಪ್ಪಿದ್ದರೆ ವಿನಾಯಿತಿ ಇದೆ. ಆದ್ದರಿಂದ ಇಬ್ಬರೂ ಒಪ್ಪಿ ಪಡೆದ ವಿದೇಶಿ ಡಿಕ್ರಿ ನಿಲ್ಲುವ ಸಂಭವ ಹೆಚ್ಚು, ಮೈಸೂರಿನ ತವರಿನಲ್ಲಿ ಕೂತ ಹೆಂಡತಿಗೆ ಬರೀ ನೋಟಿಸು ಕಳಿಸಿ ಪಡೆದದ್ದು ನಿಲ್ಲುವುದಿಲ್ಲ.

ಡಿಕ್ರಿ ಬಂದ ಮೇಲೆ ಅದರ ದೃಢೀಕೃತ ಪ್ರತಿಗಳನ್ನು ಒಂದೆರಡು ಹೆಚ್ಚಾಗಿಯೇ ತೆಗೆದಿಟ್ಟುಕೊಳ್ಳಬೇಕು. ಕೌಟುಂಬಿಕ ನ್ಯಾಯಾಲಯ ಇಬ್ಬರ ಒಪ್ಪಿಗೆಯಿಂದ ಕೊಟ್ಟ ಡಿಕ್ರಿಯ ಮೇಲೆ ಮೇಲ್ಮನವಿ ಇಲ್ಲ. ವಿಮೆ, ಬ್ಯಾಂಕು ಖಾತೆ, ಮ್ಯೂಚುವಲ್ ಫಂಡುಗಳಲ್ಲಿ ಹಳೆಯ ಸಂಗಾತಿಯ ಹೆಸರನ್ನು ನಾಮಿನಿಯಾಗಿ ಬರೆಸಿದ್ದರೆ ಡಿಕ್ರಿಯಿಂದ ಅದು ತಾನಾಗಿ ಅಳಿಸಿಹೋಗುವುದಿಲ್ಲ. ಒಂದೊಂದು ಕಚೇರಿಗೂ ಅರ್ಜಿ ಕೊಟ್ಟು ಬದಲಾಯಿಸಬೇಕು, ಉಯಿಲು ಬರೆದಿದ್ದರೆ ಅದನ್ನೂ ಹೊಸದಾಗಿ ಬರೆಯಬೇಕು.